ಕ್ಯಾಮೆರಾದಲ್ಲಿ ಐದು ಫಾರ್ಮ್ಯಾಟ್ ಇವೆ, ಆಟ ರೆಕಾರ್ಡ್ ಮಾಡಲು ಯಾವುದು?

ಪ್ರಶ್ನೆ: ಸರ್, ನಾನು ಹೊನ್ನಾವರ ಕಡೆಯವನು. ಅಮೆರಿಕದಲ್ಲಿರುವ ಭಾವ ತಾನು ಬಳಸಿದ ಸೋನಿ ಎ7 ಎಂ4 ಕ್ಯಾಮೆರಾ ಕೊಟ್ಟಿದ್ದಾರೆ. ಮುಂದಿನ ತಿಂಗಳು ನಮ್ಮೂರಲ್ಲಿ ಕಾಲಮಿತಿ ಯಕ್ಷಗಾನ ಆಟ ಇದೆ, ಸುಮಾರು ಮೂರೂವರೆ ಗಂಟೆ. ಪೂರ್ತಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬೇಕು, ಊರಿನವರಿಗೆ ಪೆನ್‌ಡ್ರೈವಿನಲ್ಲೂ ಕೊಡಬೇಕು. ಮೆನುವಿನಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ 4ಕೆ, ಎಸ್ 4ಕೆ, ಎಸ್ ಎಚ್‌ಡಿ, ಎಸ್-ಐ 4ಕೆ, ಎಸ್-ಐ ಎಚ್‌ಡಿ ಅಂತ ಐದು ಇವೆ. ಮದುವೆ ಶೂಟಿಂಗ್ ಮಾಡುವ ಗೆಳೆಯ 'ಎಲ್ಲಾ ಹೈಯೆಸ್ಟ್ ಇಡು' ಅಂದ. ಎಸ್-ಐ ಇಟ್ಟರೆ ಈ ಕಾರ್ಡಿಗೆ ಆಗುವುದಿಲ್ಲ ಎಂದಿತು. ಎಸ್ 4ಕೆ, 60ಪಿ, 200ಎಂ, 4:2:2 10 ಬಿಟ್ ಇಟ್ಟು ದೇವಸ್ಥಾನದ ಹಾಲ್‌ನಲ್ಲಿ 20 ನಿಮಿಷ ತೆಗೆದೆ. ಟ್ಯೂಬ್‌ಲೈಟ್ ಪಟಪಟ ಮಿನುಗುತ್ತದೆ. ಲ್ಯಾಪ್‌ಟಾಪಿನಲ್ಲಿ ತಡೆತಡೆದು ಓಡುತ್ತದೆ. ಟಿವಿಯಲ್ಲಿ ಶಬ್ದ ಬಂತು, ಚಿತ್ರ ಇಲ್ಲ. ಕಾರ್ಡ್ 128 ಜಿಬಿಯದು, ವಿ30. ಲ್ಯಾಪ್‌ಟಾಪ್ ಎಂಟನೇ ತಲೆಮಾರಿನ ಐ5. ಇನ್ನೊಂದು, ಅಪ್ಪನ ಹಳೇ ಹ್ಯಾಂಡಿಕ್ಯಾಮ್ ಕಾರ್ಡುಗಳಲ್ಲಿ ಎಂಟಿಎಸ್ ಅನ್ನುವ ಫೈಲುಗಳಿವೆ, ಅವನ್ನು ಏನು ಮಾಡಲಿ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎಕ್ಸ್‌ಎವಿಸಿ ಎಸ್ 4ಕೆ, 25ಪಿ (ಸೆಕೆಂಡಿಗೆ 25 ಚಿತ್ರ), 60ಎಂ (ಸೆಕೆಂಡಿಗೆ 60 ಮೆಗಾಬಿಟ್), 4:2:0 8 ಬಿಟ್. ಷಟರ್ 1/50. ಆಟಕ್ಕೆ ಇಷ್ಟು ಸಾಕು. ಮೆನುವಿನಲ್ಲಿ 25ಪಿ ಕಾಣಿಸುತ್ತಿಲ್ಲ ಅಲ್ವಾ? ಅದನ್ನೇ ಮೊದಲು ನೋಡೋಣ. ನಿಮ್ಮ ಟ್ಯೂಬ್‌ಲೈಟ್ ತೊಂದರೆಯ ಬೇರೂ ಅಲ್ಲೇ ಇದೆ.

ಕ್ಯಾಮೆರಾ ಅಮೆರಿಕದ್ದು. ಅದು ಎನ್‌ಟಿಎಸ್‌ಸಿ ಲೆಕ್ಕದಲ್ಲಿದೆ. ಅಲ್ಲಿ ಕರೆಂಟು ಸೆಕೆಂಡಿಗೆ 60 ಆವರ್ತ, ಹಾಗಾಗಿ ಅವರ ಟಿವಿ ಲೆಕ್ಕವೂ 30, 60 ಎಂದು ಬೆಳೆಯಿತು. ನಮ್ಮಲ್ಲಿ ಕರೆಂಟು 50 ಆವರ್ತ. ದೂರದರ್ಶನ 1982ರಲ್ಲಿ ಬಣ್ಣಕ್ಕೆ ತಿರುಗಿದಾಗ ಹಿಡಿದದ್ದು ಪಾಲ್ ಪದ್ಧತಿಯನ್ನು, ಅಂದರೆ 25 ಚಿತ್ರದ ಲೆಕ್ಕ. ಆ ಹಳೇ ಟಿವಿಗಳೆಲ್ಲ ಗುಜರಿಗೆ ಹೋಗಿವೆ. ಆದರೆ ಕರೆಂಟು ಇನ್ನೂ 50 ಆವರ್ತವೇ.

ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಹೆಚ್ಚಾಗಿ ಕಡಿಮೆಯಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಷಟರ್ 1/50 ಇಟ್ಟರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಮಿನುಗು ಸಿಗುತ್ತದೆ. 1/60 ಇಟ್ಟರೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಒಂದು ಚಿತ್ರಕ್ಕೆ ಬೆಳಕು ತುಸು ಜಾಸ್ತಿ, ಮುಂದಿನದಕ್ಕೆ ತುಸು ಕಡಿಮೆ. ನೀವು ನೋಡಿದ ಪಟಪಟ ಅದೇ. 60ಪಿಯಲ್ಲಿ 1/50 ಹಿಡಿಯುವುದೂ ಇಲ್ಲ, ಒಂದು ಚಿತ್ರಕ್ಕೆ ಸಿಗುವ ಸಮಯವೇ 1/60 ಸೆಕೆಂಡು.

ಸೆಟಪ್ ಮೆನುವಿನಲ್ಲಿ 'ಎನ್‌ಟಿಎಸ್‌ಸಿ/ಪಾಲ್ ಸೆಲೆಕ್ಟರ್' ಇದೆ. ಪಾಲ್‌ಗೆ ತಿರುಗಿಸಿ. 30, 60 ಇದ್ದ ಕಡೆ 25, 50 ಬರುತ್ತದೆ. ಬದಲಿಸುವ ಮೊದಲು ಕಾರ್ಡಿನಲ್ಲಿದ್ದದ್ದನ್ನು ಇಳಿಸಿಕೊಳ್ಳಿ, ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ರಂಗಸ್ಥಳಕ್ಕೆ ಈಗೀಗ ಬಣ್ಣಬಣ್ಣದ ಎಲ್‌ಇಡಿ ಹಾಕುತ್ತಾರೆ. ಕೆಲವು ಎಲ್‌ಇಡಿಗಳ ಮಿನುಗಿಗೂ ಕರೆಂಟಿನ 50ಕ್ಕೂ ಸಂಬಂಧವೇ ಇರುವುದಿಲ್ಲ. ಚಿತ್ರದಲ್ಲಿ ಅಡ್ಡಪಟ್ಟೆ ಹರಿದಾಡಿದರೆ ಮೆನುವಿನಲ್ಲಿ 'ವೇರಿಯೇಬಲ್ ಷಟರ್' ಹುಡುಕಿ, ಪಟ್ಟೆ ಮಾಯವಾಗುವವರೆಗೆ ಸ್ವಲ್ಪ ಸ್ವಲ್ಪ ತಿರುಗಿಸಿ. ಇದನ್ನು ಆಟ ಶುರುವಾದ ಮೇಲೆ ಮಾಡಬೇಡಿ. ಲೈಟಿನವರು ಸಂಜೆ ಪರೀಕ್ಷೆ ಮಾಡುತ್ತಾರಲ್ಲ, ಆಗಲೇ ಹೋಗಿ ನೋಡಿ.

ಈಗ ಆ ಐದು ಹೆಸರಿಗೆ ಬರೋಣ. ಎಚ್‌ಡಿ, 4ಕೆ ಅನ್ನುವುದು ಚಿತ್ರದ ಅಳತೆ, ಅದು ನಿಮಗೆ ಗೊತ್ತೇ ಇದೆ. ಎಸ್, ಎಚ್‌ಎಸ್, ಎಸ್-ಐ ಅನ್ನುವುದು ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಬಗೆ. ಎಸ್ ಮತ್ತು ಎಸ್-ಐ ಬಳಸುವುದು ಎಚ್.264, 2003ರಿಂದ ಇರುವಂಥದ್ದು. ಎಚ್‌ಎಸ್ ಬಳಸುವುದು 2013ರ ಎಚ್.265. ಹೊಸದು ಹೆಚ್ಚು ಕಡಿಮೆ ಅರ್ಧ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಕಂಪ್ಯೂಟರ್ ಕೈಯಲ್ಲಿ ಜಾಸ್ತಿ ದುಡಿಸುತ್ತದೆ. ಫೈಲಿನ ಬಾಲದಲ್ಲಿ ಇರುವ ಎಂಪಿ4 ನೋಡಿ ಮೋಸಹೋಗಬೇಡಿ. ಅದು ಬರೀ ಡಬ್ಬಿ. ಒಳಗೆ ಎಚ್.264 ಇರಬಹುದು, ಎಚ್.265 ಇರಬಹುದು. ನಿಮ್ಮ ಟಿವಿ ಡಬ್ಬಿ ತೆರೆಯಿತು, ಶಬ್ದ ಎತ್ತಿಕೊಂಡಿತು, ಚಿತ್ರ ಮಾತ್ರ ಅದಕ್ಕೆ ತಿಳಿಯದ ಭಾಷೆಯಲ್ಲಿತ್ತು. ನಿಮ್ಮದು ಎಚ್.264 ಆದರೂ ಹೀಗೇಕೆ ಎಂದು ಮುಂದೆ ಹೇಳುತ್ತೇನೆ.

ಎಸ್ ಮತ್ತು ಎಸ್-ಐ ನಡುವಿನ ವ್ಯತ್ಯಾಸ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಳೇ ಜಮೀನು ಕಾಗದ ನೋಡಿದ್ದೀರಲ್ಲ? ಮೊದಲ ಸಲ ಹೆಸರು, ತಂದೆ ಹೆಸರು, ಊರು, ಸರ್ವೆ ನಂಬರು ಎಲ್ಲ ಬರೆದಿರುತ್ತಾರೆ. ಆಮೇಲೆ ಬರೀ 'ಸದರಿ'. ಸದರಿ ಜಮೀನು, ಸದರಿಯವರು. ಎಕ್ಸ್‌ಎವಿಸಿ ಎಸ್ ಕೂಡ ಹೀಗೇ. ಒಂದು ಚಿತ್ರವನ್ನು ಪೂರ್ತಿ ಬರೆದಿಡುತ್ತದೆ, ಮುಂದಿನ ಒಂದಷ್ಟು ಚಿತ್ರಗಳಿಗೆ 'ಸದರಿ, ಆದರೆ ಕೈ ಇಷ್ಟು ಎತ್ತಿದ' ಎಂದು ಬದಲಾದದ್ದನ್ನಷ್ಟೇ ಬರೆಯುತ್ತದೆ. ರಂಗಸ್ಥಳದ ಹಿಂದಿನ ಪರದೆ ಮೂರೂವರೆ ಗಂಟೆ ಅಲ್ಲಾಡುವುದೇ ಇಲ್ಲ. ಅದನ್ನು ಸೆಕೆಂಡಿಗೆ 25 ಸಲ ಯಾಕೆ ಬರೆಯಬೇಕು?

ಎಸ್-ಐ ಮಾತ್ರ ಪ್ರತಿ ಚಿತ್ರವನ್ನೂ ಪೂರ್ತಿ ಬರೆಯುತ್ತದೆ. ಸದರಿ ಗಿದರಿ ಇಲ್ಲ. ಕ್ಯಾನನ್‌ನವರು 'ಆಲ್-ಐ' ಅನ್ನುವುದೂ ಇದನ್ನೇ, ಅವರ 'ಐಪಿಬಿ' ಅಂದರೆ ಸದರಿ ಪದ್ಧತಿ. ಎಡಿಟ್ ಮಾಡುವವರಿಗೆ ಎಸ್-ಐ ಹಿತ. ಯಾವ ಪುಟ ತೆರೆದರೂ ಹೆಸರು ಅಲ್ಲೇ ಇರುತ್ತದೆ, ಹಿಂದಿನ ಪುಟ ತಿರುವಬೇಕಿಲ್ಲ. ಆದರೆ 25ಪಿಯಲ್ಲೇ ಅದಕ್ಕೆ 250ಎಂ ಬೇಕು. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ 31 ಮೆಗಾಬೈಟ್‌ಗಿಂತ ಜಾಸ್ತಿ. ವಿ30 ಅಂದರೆ ಸೆಕೆಂಡಿಗೆ 30 ಮೆಗಾಬೈಟ್ ಬರೆಯುವ ಭರವಸೆ, ಅಷ್ಟೇ. ನಿಮ್ಮ ಕ್ಯಾಮೆರಾ ಬೇಡ ಅಂದದ್ದು ಅದಕ್ಕೆ. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ 170, 200 ಎಂದೆಲ್ಲ ಬರೆದಿರುವುದು ಓದುವ ವೇಗ. ಅಂಗಡಿಯಲ್ಲಿ ಅದನ್ನೇ ತೋರಿಸುತ್ತಾರೆ. ನೀವು ನೋಡಬೇಕಾದ್ದು ಆ ಚಿಕ್ಕ 'ವಿ' ಪಕ್ಕದ ಸಂಖ್ಯೆ.

ಈ ಎಂ ಅನ್ನುವುದಕ್ಕೆ ಒಂದು ಬಾಯಿಲೆಕ್ಕ ಹೇಳುತ್ತೇನೆ. ಸಂಖ್ಯೆಯನ್ನು ಅರ್ಧ ಮಾಡಿ, ಅದರಲ್ಲಿ ಹತ್ತರಲ್ಲೊಂದು ಪಾಲು ಕಳೆಯಿರಿ. ಒಂದು ಗಂಟೆಗೆ ಎಷ್ಟು ಜಿಬಿ ಎಂದು ಸಿಗುತ್ತದೆ. 100ಎಂ ಅಂದರೆ 50, ಅದರಲ್ಲಿ 5 ಕಳೆದರೆ 45 ಜಿಬಿ. ನೀವು ಇಟ್ಟಿದ್ದ 200ಎಂಗೆ ಗಂಟೆಗೆ 90 ಜಿಬಿ. ನಿಮ್ಮ ಕಾರ್ಡ್ ಒಂದು ಗಂಟೆ 25 ನಿಮಿಷಕ್ಕೆ ತುಂಬಿ ನಿಲ್ಲುತ್ತಿತ್ತು, ಪ್ರಸಂಗ ಕಾವೇರುವ ಹೊತ್ತಿಗೆ ಸರಿಯಾಗಿ. 100ಎಂಗೆ ಮೂರೂವರೆ ಗಂಟೆ ಅಂದರೆ 157 ಜಿಬಿ, ಅದೂ ಹಿಡಿಯುವುದಿಲ್ಲ. 60ಎಂಗೆ ಗಂಟೆಗೆ 27, ಒಟ್ಟು 95 ಜಿಬಿ. ಭಾಗವತರು ಒಂದು ಪದ್ಯವನ್ನು ಎಷ್ಟು ಎಳೆದರೂ ಇನ್ನೂ ಒಂದು ಗಂಟೆಯಷ್ಟು ಜಾಗ ಕೈಯಲ್ಲಿರುತ್ತದೆ. (ಲ್ಯಾಪ್‌ಟಾಪಿಗೆ ಹಾಕಿದಾಗ ಕಾರ್ಡ್ 119 ಜಿಬಿ ಎಂದು ತೋರಿಸುತ್ತದೆ. ಗಾಬರಿ ಬೇಡ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ.)

60ಎಂ ಕಡಿಮೆಯಾಯಿತಾ ಅನ್ನಿಸಬಹುದು. ಯೂಟ್ಯೂಬ್ 4ಕೆ 25ಪಿ ವಿಡಿಯೋಗೆ ಅಪ್‌ಲೋಡ್ ಮಾಡಲು ಹೇಳುವುದೇ 35ರಿಂದ 45ಎಂ. ಆಮೇಲೆ ಅದು ತನ್ನ ಲೆಕ್ಕದಲ್ಲಿ ಇನ್ನೂ ಒತ್ತುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತಿದ್ದು, ಹಿನ್ನೆಲೆಯೂ ಕದಲದಿದ್ದರೆ 60ಎಂ ಧಾರಾಳವಾಯಿತು. ಕಾಡು, ಮಳೆ, ಜೋಗದ ನೀರು ತೆಗೆಯಲು ಹೋದರೆ 100ಎಂಗೆ ಏರಿಸಿ. ಅಲ್ಲಿ ಪ್ರತಿ ಎಲೆ, ಪ್ರತಿ ಹನಿ ಬದಲಾಗುತ್ತಿರುತ್ತದೆ, 'ಸದರಿ' ಅನ್ನಲು ಏನೂ ಉಳಿಯುವುದಿಲ್ಲ.

ಮುಂದಿನದು 4:2:2 10 ಬಿಟ್. ನಿಮ್ಮ ಟಿವಿಗೂ ಲ್ಯಾಪ್‌ಟಾಪಿಗೂ ಕಷ್ಟ ಕೊಟ್ಟದ್ದು ಇದು. ಟಿವಿ, ಫೋನುಗಳಲ್ಲಿರುವ ಚಿಪ್ಪು ಎಚ್.264 ಅಂದರೆ 4:2:0 8 ಬಿಟ್ ಎಂದೇ ತಿಳಿದಿರುತ್ತದೆ. ಲ್ಯಾಪ್‌ಟಾಪಿನಲ್ಲೂ ಅದೇ ಕತೆ. ಚಿಪ್ಪು ಕೈಚೆಲ್ಲಿದಾಗ ಎಲ್ಲ ಭಾರ ಪ್ರೊಸೆಸರ್ ತಲೆಗೆ ಬರುತ್ತದೆ, ಫ್ಯಾನು ಬೊಬ್ಬೆ ಹೊಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ದೋಷ ಇಲ್ಲ.

ಹಾಗಂತ ಆ ಸಂಖ್ಯೆಗಳು ಸುಮ್ನೆ ಇಟ್ಟದ್ದಲ್ಲ. 8 ಬಿಟ್ ಅಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಅಂದರೆ 1024. ಆಮೇಲೆ ಬಣ್ಣವನ್ನು ಎಳೆದು ತಿದ್ದುವವರಿಗೆ ಮೆಟ್ಟಿಲು ಜಾಸ್ತಿ ಬೇಕು, ಇಲ್ಲದಿದ್ದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ನಿಮ್ಮ ಗೆಳೆಯ ಎಸ್-ಲಾಗ್ (ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ಬಗೆ) ಅಂತಲೂ ಹೇಳಿರಬಹುದು, ಮದುವೆಯವರೆಲ್ಲ ಅದರಲ್ಲೇ ತೆಗೆಯುತ್ತಾರೆ. 8 ಬಿಟ್‌ನಲ್ಲಿ ಎಸ್-ಲಾಗ್ ಬೇಡ. ಕತ್ತಲಲ್ಲಿ ಗುಡ್ಡೆ ಗುಡ್ಡೆಯಾಗಿ ಬಣ್ಣ ಒಡೆಯುತ್ತದೆ. ಪಿಕ್ಚರ್ ಪ್ರೊಫೈಲ್ ಆಫ್ ಮಾಡಿ, ಮಾಮೂಲಿ ಬಣ್ಣದಲ್ಲೇ ತೆಗೆಯಿರಿ.

ಆಟದ ಮಟ್ಟಿಗೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಕೆಂಪು. 4:2:0ರಲ್ಲಿ ಕ್ಯಾಮೆರಾ ಬೆಳಕನ್ನು ಪ್ರತಿ ಚುಕ್ಕೆಗೂ ಬರೆಯುತ್ತದೆ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ ಬರೆಯುತ್ತದೆ. ನಮ್ಮ ಕಣ್ಣು ಬಣ್ಣದ ಅಂಚನ್ನು ಅಷ್ಟು ಚುರುಕಾಗಿ ನೋಡುವುದಿಲ್ಲ, ಹಾಗಾಗಿ ಮಾಮೂಲಿಯಾಗಿ ಗೊತ್ತಾಗುವುದಿಲ್ಲ. ಆದರೆ ಗಾಢ ಕೆಂಪಿನಲ್ಲಿ ಬೆಳಕಿನ ಅಂಶ ಕಡಿಮೆ, ಇರುವುದೆಲ್ಲ ಬಣ್ಣವೇ. ಹಾಗಾಗಿ ಕೆಂಪಿನ ಅಂಚು ಕದಡುತ್ತದೆ. ಎಚ್‌ಡಿಯಲ್ಲಿ ತೆಗೆದ ಯಾವುದಾದರೂ ಆಟದ ವಿಡಿಯೋ ನಿಲ್ಲಿಸಿ ನೋಡಿ. ಕಸೆ ಸೀರೆಯ ಚೌಕುಳಿಯಲ್ಲಿ ಕೆಂಪು ಪಕ್ಕದ ಮನೆಗೆ ಸೋರಿರುತ್ತದೆ, ಬಣ್ಣದ ವೇಷದ ಮುಖದ ಮೇಲೆ ಚುಟ್ಟಿಯ ಬಿಳಿ ಅಂಚು ನಸುಗೆಂಪಾಗಿರುತ್ತದೆ.

ಇದಕ್ಕೆ 4:2:2 (ಎರಡು ಚುಕ್ಕೆಗೆ ಒಂದು ಬಣ್ಣ) ಬೇಕೇ ಬೇಕು ಎಂದೇನಿಲ್ಲ. 4ಕೆಯಲ್ಲಿ ತೆಗೆದು ಎಚ್‌ಡಿಗೆ ಇಳಿಸಿ. 4ಕೆ ಅಂದರೆ ಅಗಲ 3840 ಚುಕ್ಕೆ, ಎತ್ತರ 2160. 4:2:0ರಲ್ಲಿ ಅದರ ಬಣ್ಣ ಎರಡು ಕಡೆಯೂ ಅರ್ಧ, ಅಂದರೆ 1920 ಮತ್ತು 1080. ಅದು ಸರಿಯಾಗಿ ಎಚ್‌ಡಿಯ ಅಳತೆ! ಇಳಿಸಿದ ಎಚ್‌ಡಿಯಲ್ಲಿ ಪ್ರತಿ ಚುಕ್ಕೆಗೂ ತನ್ನದೇ ಬಣ್ಣ ಸಿಕ್ಕಿತು. ಪೆನ್‌ಡ್ರೈವಿಗೆ ಕೊಡುವ ಪ್ರತಿಯನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264, 1080 ಎಂದು ಮಾಡಿಕೊಡಿ. ಅದೂ ಕೊನೆಗೆ 4:2:0ಗೇ ಬರುತ್ತದೆ ನಿಜ, ಆದರೂ ಎಚ್‌ಡಿಯಲ್ಲೇ ತೆಗೆದದ್ದಕ್ಕಿಂತ ಅಂಚು ಚೊಕ್ಕವಾಗಿರುತ್ತದೆ. ಹತ್ತು ವರ್ಷದ ಹಳೇ ಟಿವಿಯೂ ಓಡಿಸುತ್ತದೆ. ಈಗಾಗಲೇ ತೆಗೆದ ಆ 20 ನಿಮಿಷವನ್ನೂ ಹೀಗೇ ಬದಲಿಸಿಕೊಳ್ಳಬಹುದು, ಮಿನುಗು ಮಾತ್ರ ಹೋಗುವುದಿಲ್ಲ.

4ಕೆಗೆ ಇನ್ನೊಂದು ಉಪಯೋಗ ಇದೆ. ನೀವು ಒಬ್ಬರೇ, ಕ್ಯಾಮೆರಾ ಒಂದೇ. ಇಡೀ ರಂಗಸ್ಥಳ ಕಾಣುವಂತೆ ಅಗಲಕ್ಕೆ ಇಟ್ಟುಬಿಡಿ. ಎಡಿಟ್ ಮಾಡುವಾಗ ಎಚ್‌ಡಿ ಟೈಮ್‌ಲೈನ್‌ಗೆ ಹಾಕಿದರೆ ಎರಡು ಪಟ್ಟು ಹತ್ತಿರಕ್ಕೆ ಎಳೆದುಕೊಳ್ಳಬಹುದು, ಚಿತ್ರ ಮಾಸುವುದಿಲ್ಲ. ಅರ್ಥ ಹೇಳುವಾಗ ಮುಖಕ್ಕೆ ಹತ್ತಿರ ಹೋಗಿ, ಕುಣಿತಕ್ಕೆ ಮತ್ತೆ ಅಗಲಕ್ಕೆ ಬನ್ನಿ. ನೋಡುವವರು ಎರಡು ಕ್ಯಾಮೆರಾ ಇತ್ತು ಅಂದುಕೊಳ್ಳುತ್ತಾರೆ.

25ಪಿ ಮತ್ತು 50ಪಿ ವಿಷಯದಲ್ಲಿ ನನಗೂ ಸ್ವಲ್ಪ ಮನಸ್ಸು ಅಲ್ಲಾಡುತ್ತದೆ. ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾಕುವಾಗ 25ಪಿ ಕಾಲುಗಳನ್ನು ಕಲಸಿಬಿಡುತ್ತದೆ, 50ಪಿಯಲ್ಲಿ ಪ್ರತಿ ಸುತ್ತೂ ಬಿಡಿಯಾಗಿ ಕಾಣುತ್ತದೆ. ಕುಣಿತ ಕಲಿಯುವ ಮಕ್ಕಳಿಗೆ ತೋರಿಸಲು ಆದರೆ ನಾನು 50ಪಿಯನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಕ್ಯಾಮೆರಾ 4ಕೆ 50ಪಿಗೆ ಹೋದಾಗ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. ಚಿತ್ರ ಒಂದೂವರೆ ಪಟ್ಟು ಹತ್ತಿರ ಬರುತ್ತದೆ, ಕತ್ತಲಲ್ಲಿ ಕಾಳು ಕಾಳು ಜಾಸ್ತಿ. 25ಪಿಯಲ್ಲಿ ಸೆನ್ಸರಿನ ಪೂರ್ತಿ ಅಗಲ ಬಳಸಿ, 7ಕೆಯಷ್ಟು ವಿವರ ಓದಿ, ಅದನ್ನು 4ಕೆಗೆ ಇಳಿಸುತ್ತದೆ. ರಾತ್ರಿ ಆಟಕ್ಕೆ ಇದು ದೊಡ್ಡ ಲಾಭ. ಎಚ್‌ಎಸ್ 4ಕೆ ನೋಡಲು ಆಸೆ ಹುಟ್ಟಿಸುತ್ತದೆ, 45ಎಂಗೆ ಗಂಟೆಗೆ ಬರೀ 20 ಜಿಬಿ. ಆದರೆ ಪಾಲ್‌ನಲ್ಲಿ ಅದಕ್ಕೆ 25ಪಿಯೇ ಇಲ್ಲ, 50ರಿಂದ ಶುರು. ನಿಮ್ಮ ಲ್ಯಾಪ್‌ಟಾಪ್ ಅದರ 4:2:0 ಫೈಲನ್ನು ಓಡಿಸೀತು, ಎಡಿಟ್ ಮಾಡಲು ಕೂತರೆ ತಾಳ್ಮೆ ಪರೀಕ್ಷೆ. 60ಎಂ ಎಸ್ 4ಕೆ ಕೂಡ ಭಾರ ಅನಿಸಿದರೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಪ್ರಾಕ್ಸಿ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಚಿಕ್ಕ ಪ್ರತಿ, ಕೊನೆಗೆ ಹೊರತೆಗೆಯುವಾಗ ಅಸಲು. ಉಚಿತ ಆವೃತ್ತಿಯಲ್ಲೇ ಆಗುತ್ತದೆ.

ಆಟದ ಹಿಂದಿನ ವಾರ ಮನೆಯಲ್ಲಿ ಒಂದು ಸಲ ಪೂರ್ತಿ ಮೂರೂವರೆ ಗಂಟೆ ಓಡಿಸಿ ನೋಡಿ. ಗೋಡೆಗೆ ಮುಖ ಮಾಡಿ ಇಟ್ಟರೂ ಸಾಕು. ಕಾರ್ಡ್ ನಕಲಿಯಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಕಡೆ ಸೆಕೆ ಬೇರೆ, ಈ ಕ್ಯಾಮೆರಾದೊಳಗೆ ಫ್ಯಾನಿಲ್ಲ. 'ಆಟೋ ಪವರ್ ಆಫ್ ಟೆಂಪ್' ಅನ್ನುವುದನ್ನು 'ಹೈ' ಮಾಡಿ, ಪರದೆಯನ್ನು ಮೈಯಿಂದ ಹೊರಗೆ ತೆರೆದಿಡಿ. ಒಂದು ಬ್ಯಾಟರಿ ಮೂರೂವರೆ ಗಂಟೆ ಬರುವುದಿಲ್ಲ, ಟೈಪ್-ಸಿ ಪಿಡಿ ಪವರ್‌ಬ್ಯಾಂಕ್ ಹಚ್ಚಿಡಿ. ಎರಡು ಕಾರ್ಡಿಗೆ ಜಾಗ ಇದೆ. ಇನ್ನೊಂದು 128 ಜಿಬಿ ತಂದು ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ. ಶಬ್ದದ ಮಟ್ಟವನ್ನು ಆಟೋದಲ್ಲಿ ಬಿಡಬೇಡಿ. ಚಂಡೆ ಬಿದ್ದ ಕೂಡಲೇ ಆಟೋ ಬೆದರಿ ಕುಗ್ಗುತ್ತದೆ, ಭಾಗವತರ ದನಿ ಮುಳುಗುತ್ತದೆ. ಚಂಡೆಯ ಪೆಟ್ಟಿಗೆ ಮೀಟರ್ -12ರ ಆಸುಪಾಸು ಬರುವಂತೆ ಕೈಯಲ್ಲೇ ಇಡಿ.

ಇನ್ನು ನಿಮ್ಮ ಅಪ್ಪನ ಎಂಟಿಎಸ್ ಫೈಲುಗಳು. ಅದು ಎವಿಸಿಎಚ್‌ಡಿ. ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ 2006ರಲ್ಲಿ ತಂದದ್ದು. ಒಳಗೆ ಇದೇ ಎಚ್.264, ಆದರೆ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ 'ಸ್ಟ್ರೀಮ್' ಎಂಬ ಇನ್ನೊಂದು. ಅಲ್ಲಿ ಫೈಲುಗಳ ಹೆಸರು 00000, 00001 ಎಂದು ಶುರುವಾಗುತ್ತದೆ. ಪ್ರತಿ ಕಾರ್ಡಿನಲ್ಲೂ ಹೀಗೇ, ಅದೇ ಸಂಖ್ಯೆಯಿಂದ. ನಾನು ಇದರಲ್ಲಿ ಕೈ ಸುಟ್ಟುಕೊಂಡವನು. ಅಕ್ಕನ ಮಗಳ ಮದುವೆಯನ್ನು ಎರಡು ಕಾರ್ಡಿನಲ್ಲಿ ತೆಗೆದಿದ್ದೆ. ರಾತ್ರಿ ಹನ್ನೊಂದಕ್ಕೆ ಮೊದಲ ಕಾರ್ಡನ್ನು ಒಂದು ಫೋಲ್ಡರಿಗೆ ಹಾಕಿದೆ, ಎರಡನೆಯದನ್ನೂ ಅಲ್ಲಿಗೇ ಎಳೆದೆ. 'ಈ ಹೆಸರಿನ ಫೈಲಿದೆ, ಬದಲಿಸಲೇ?' ಎಂದಿತು. ನಿದ್ದೆಗಣ್ಣಲ್ಲಿ 'ಹೌದು' ಒತ್ತಿದೆ. ಬೆಳಿಗ್ಗೆ ಎದ್ದು ಎರಡೂ ಕಾರ್ಡು ಫಾರ್ಮ್ಯಾಟ್ ಮಾಡಿ ಇಟ್ಟೆ. ಧಾರೆ ಹೋಯಿತು, ಊಟದ ಪಂಕ್ತಿ ಉಳಿಯಿತು. ಅಕ್ಕ ಈಗಲೂ ಹಬ್ಬದ ದಿನ ಎಲೆ ಹಾಕುವಾಗ ನೆನಪಿಸುತ್ತಾಳೆ.

ಹಾಗಾಗಿ ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್ ಮಾಡಿ, ಇಸವಿ ಮತ್ತು ಸಂದರ್ಭ ಬರೆದು, ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಪೂರ್ತಿ ಎತ್ತಿಹಾಕಿ. ಬರೀ ಎಂಟಿಎಸ್ ಹೆಕ್ಕಬೇಡಿ. ಉದ್ದದ ರೆಕಾರ್ಡಿಂಗನ್ನು ಆ ಕ್ಯಾಮೆರಾಗಳು ತುಂಡು ತುಂಡಾಗಿ ಇಡುತ್ತಿದ್ದವು. ಯಾವ ತುಂಡು ಯಾವುದರ ಮುಂದಿನದು ಎನ್ನುವ ಲೆಕ್ಕ ಉಳಿದ ಫೋಲ್ಡರುಗಳಲ್ಲಿ ಇರುತ್ತದೆ. ನೋಡಲು ಹ್ಯಾಂಡ್‌ಬ್ರೇಕ್‌ನಲ್ಲಿ ಎಂಪಿ4 ಪ್ರತಿ ಮಾಡಿಕೊಳ್ಳಿ, ಅಸಲನ್ನು ಅಳಿಸಬೇಡಿ. ಆ ಕಾಲದವು ಹೆಚ್ಚಾಗಿ 50ಐ. ಅಂದರೆ ಗೆರೆ ಬಿಟ್ಟು ಗೆರೆ ಬರೆದ ಅರ್ಧ ಚಿತ್ರಗಳು. ಯಾರಾದರೂ ಓಡಿದರೆ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ವಿಭಾಗದಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಅದರಲ್ಲಿ 'ಬಾಬ್' ಆರಿಸಿ, ಫ್ರೇಮ್ ರೇಟ್ 50 ಇಡಿ. ಮೊದಲು ಒಂದು ನಿಮಿಷದ ತುಣುಕಿಗೆ ಮಾಡಿ ನೋಡಿ. ಹಲ್ಲು ಹೋಗಿದ್ದರೆ ಉಳಿದದ್ದನ್ನೆಲ್ಲ ಸಾಲಿಗೆ ಹಚ್ಚಿ ಮಲಗಿ. ನಿಮ್ಮ ಲ್ಯಾಪ್‌ಟಾಪಿಗೆ ಒಂದು ರಾತ್ರಿಯ ಕೆಲಸ.